ಕೊನೆಯ ದಿನಗಳು ಮತ್ತು ಮನೆಯ ಡಾಕ್ಟರು

(ಮಧುಗಿರಿಯಲ್ಲಿ ಗಿರಣಿ ಕೆಲಸಗಾರರೂ ಅಂಗಡಿಕಾರರೂ ಸೇರಿದ್ದ ಸಭೆಯಲ್ಲಿ, ಈ ಭಾಗದಲ್ಲಿ ಬಹುಕಾಲದಿಂದ ವೈದ್ಯವೃತ್ತಿ ನಡೆಸುತ್ತಿರುವವರೊಬ್ಬರು ಮಾಡಿದ ಭಾಷಣದ ಪಾಠ. — ಸಂ.)



ನನ್ನನ್ನು ಇಲ್ಲಿಗೆ ಕರೆದವರು, “ಕ್ಯಾನ್ಸರ್ ಬಾರದಂತೆ ಏನು ಮಾಡಬೇಕು, ಅದನ್ನು ನಾಲ್ಕು ಮಾತಿನಲ್ಲಿ ಹೇಳಿ ಸ್ವಾಮಿ” ಎಂದು ಕೇಳಿದರು. ಅದನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಬೀಡಿ ಬಿಡಿ, ಹೊಗೆಸೊಪ್ಪು ಬಿಡಿ, ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ಡಾಕ್ಟರಿಗೆ ತೋರಿಸಿ, ಹೆಣ್ಣುಮಕ್ಕಳು ನಾಚಿಕೆಯಿಂದ ರೋಗವನ್ನು ಮುಚ್ಚಿಡಬೇಡಿ. ಇಷ್ಟು ಹೇಳಿ ಆ ವಿಷಯವನ್ನು ಮುಗಿಸುತ್ತೇನೆ.

ನಾನು ಇಂದು ಆಡಬೇಕೆಂದಿರುವುದು ಯಾರೂ ಆಡದ ಮಾತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯವರು, “ನಾವು ಮಾಡುವುದು ಇನ್ನೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ” ಎಂದು ಹೇಳಿ ಕಳಿಸಿದ ಮೇಲೆ ಏನಾಗುತ್ತದೆ? ರೋಗಿ ಊರಿಗೆ ಬರುತ್ತಾನೆ. ಬಂದ ಮೇಲೆ ವಾರವೋ, ಮೂರು ತಿಂಗಳೋ, ಆರು ತಿಂಗಳೋ ಬದುಕುತ್ತಾನೆ. ಆ ಕಾಲವನ್ನು ಅವನು ಹೇಗೆ ಕಳೆಯುತ್ತಾನೆ? ಯಾರು ನೋಡಿಕೊಳ್ಳುತ್ತಾರೆ? ನಡುರಾತ್ರಿ ನೋವು ತಡೆಯಲಾರದೆ ಕೂಗಿಕೊಂಡರೆ ಯಾರ ಮನೆಯ ಬಾಗಿಲು ತಟ್ಟಬೇಕು? “ಮಾಡುವುದು ಏನೂ ಇಲ್ಲ” ಎಂಬ ಮಾತು ಸುಳ್ಳು, ಗೆಳೆಯರೇ. ರೋಗವನ್ನು ವಾಸಿಮಾಡುವುದಕ್ಕಾಗದು, ಅಷ್ಟೇ ನಿಜ. ಮಾಡುವುದು ಬೆಟ್ಟದಷ್ಟಿದೆ, ಮತ್ತು ಅದರಲ್ಲಿ ಮುಕ್ಕಾಲು ಪಾಲು ನಮ್ಮ ಊರಿನಲ್ಲಿಯೇ, ನಿಮ್ಮ ಮನೆಯ ಡಾಕ್ಟರಿಂದಲೇ ಆಗತಕ್ಕದ್ದು.

ನನ್ನ ತಪ್ಪು

ಪರರಿಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಕಡಲೆಕಾಯಿ ಎಣ್ಣೆ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಒಬ್ಬ ಹಮಾಲಿಗೆ ಬಾಯಿಯ ಕ್ಯಾನ್ಸರ್ ಆಯಿತು. ಬೆಂಗಳೂರಿಗೆ ಹೋದ, ಕರೆಂಟು ಕೊಟ್ಟರು, ಸ್ವಲ್ಪ ತಗ್ಗಿತು, ಮತ್ತೆ ಬಂತು. ಕೊನೆಗೆ ಮನೆಗೆ ಕಳಿಸಿದರು. ಕೆನ್ನೆ ತೂತಾಗಿತ್ತು. ವಾಸನೆಗೆ ಮಕ್ಕಳು ಒಳಗೆ ಮಲಗುತ್ತಿರಲಿಲ್ಲ. ಅವನ ಹೆಂಡತಿ ರಾತ್ರಿ ಎರಡು ಗಂಟೆಗೆ ನನ್ನ ಮನೆಗೆ ಬಂದಳು. ನಾನು ಹೋದೆ. ಒಂದು ನೋವಿನ ಸೂಜಿ ಚುಚ್ಚಿದೆ, ಒಂದು ಗ್ಲೂಕೋಸ್ ಬಾಟಲು ಏರಿಸಿದೆ, ಹಣ ತೆಗೆದುಕೊಂಡೆ, “ನಾಳೆ ತುಮಕೂರಿಗೆ ಕರೆದುಕೊಂಡು ಹೋಗಮ್ಮ” ಎಂದು ಹೇಳಿ ಬಂದೆ. ಅವಳ ಹತ್ತಿರ ಬಸ್ಸಿನ ಚಾರ್ಜಿಗೂ ಕಾಸಿರಲಿಲ್ಲ. ಅವನು ಹತ್ತೊಂಬತ್ತು ದಿನ ಕೂಗಿ ಸತ್ತ. ಆ ಹತ್ತೊಂಬತ್ತು ದಿನ ನಾನು ಆ ಬೀದಿಯನ್ನು ಬಿಟ್ಟು ಬೇರೆ ಬೀದಿಯಲ್ಲಿ ಓಡಾಡಿದೆ.

ಒಂದು ವರ್ಷ ಕಳೆದ ಮೇಲೆ ಆಕೆ ಮಗುವಿನ ಜ್ವರಕ್ಕೆಂದು ನನ್ನ ಬಳಿಗೆ ಬಂದಳು. ಬೈಯಲಿಲ್ಲ. “ನೀವು ಬಂದು ಒಂದು ಗಳಿಗೆ ಕೂತಿದ್ದರೂ ಸಾಕಾಗಿತ್ತು ಸ್ವಾಮಿ, ಅವರು ನಿಮ್ಮನ್ನೇ ಕೇಳುತ್ತಿದ್ದರು” ಎಂದಳು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ನನಗೆ ಮನಸ್ಸಿರಲಿಲ್ಲವೆಂದಲ್ಲ, ತಿಳಿವಳಿಕೆ ಇರಲಿಲ್ಲ. ರೋಗ ವಾಸಿಮಾಡುವುದನ್ನು ಕಾಲೇಜಿನಲ್ಲಿ ಕಲಿಸಿದರು. ವಾಸಿಯಾಗದವನ ಪಕ್ಕದಲ್ಲಿ ಹೇಗೆ ನಿಲ್ಲಬೇಕೆಂಬುದನ್ನು ಕಲಿಸಲಿಲ್ಲ. ಆ ಮೇಲೆ ಕಲಿತೆ. ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ನೋವಿಗೆ ಮದ್ದುಂಟು

ಕ್ಯಾನ್ಸರಿನ ನೋವು ಹಣೆಯಬರಹವಲ್ಲ. ವಿಶ್ವ ಆರೋಗ್ಯ ಸಂಸ್ಥೆ ೧೯೮೬ರಲ್ಲಿಯೇ ಇದಕ್ಕೆ ಮೂರು ಮೆಟ್ಟಿಲಿನ ಒಂದು ಕ್ರಮವನ್ನು ಹೇಳಿತು. ಸಣ್ಣ ನೋವಿಗೆ ಸಾಮಾನ್ಯ ಮಾತ್ರೆ, ಅದಕ್ಕೆ ಬಗ್ಗದಿದ್ದರೆ ಸ್ವಲ್ಪ ಬಲವಾದದ್ದು, ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್. ಬಾಯಲ್ಲಿ ನುಂಗುವ ಮಾತ್ರೆ, ಸೂಜಿಯಲ್ಲ. ಗಡಿಯಾರ ನೋಡಿಕೊಂಡು ಕೊಡಬೇಕು. ಸಾಮಾನ್ಯವಾದ ಮಾರ್ಫಿನ್ ಮಾತ್ರೆಯ ಗುಣ ನಾಲ್ಕು ಗಂಟೆ ಇರುತ್ತದೆ. ಆದ್ದರಿಂದ ನಾಲ್ಕು ಗಂಟೆಗೊಮ್ಮೆ. ನೋವು ಬರಲಿ, ಕೂಗಲಿ, ಆ ಮೇಲೆ ಕೊಡೋಣ ಎಂದರೆ ಕೆಲಸ ಕೆಟ್ಟಿತು. ಗದ್ದೆಗೆ ನೀರು ಕಟ್ಟುವವನು ಪೈರು ಒಣಗಿದ ಮೇಲೆ ಮಡೆ ತೆಗೆಯುತ್ತಾನೆಯೇ?

ಮಾರ್ಫಿನ್ ಎಂದೊಡನೆ ಮನೆಯವರು ಹೆದರುತ್ತಾರೆ. “ಚಟ ಹತ್ತಿಕೊಳ್ಳುತ್ತದಂತಲ್ಲ?” ಎಂದು ಕೇಳುತ್ತಾರೆ. ನೋವಿಗೆಂದು ಲೆಕ್ಕ ಹಿಡಿದು ಕೊಟ್ಟ ಮದ್ದು ಚಟವಾಗುವುದು ಅಪರೂಪ. “ಕೊಟ್ಟರೆ ಬೇಗ ಹೋಗಿಬಿಡುತ್ತಾರಂತಲ್ಲ?” ಎನ್ನುತ್ತಾರೆ. ಕಡಿಮೆ ಪ್ರಮಾಣದಿಂದ ಆರಂಭಿಸಿ ನೋಡಿಕೊಂಡು ಏರಿಸಿದರೆ ಅದು ಯಾರನ್ನೂ ಬೇಗ ಕರೆದೊಯ್ಯುವುದಿಲ್ಲ. ನಿದ್ದೆಗೆಟ್ಟವನಿಗೆ ನಿದ್ದೆ ಕೊಡುತ್ತದೆ, ಎರಡು ತುತ್ತು ಉಣ್ಣಿಸುತ್ತದೆ. ಏದುಸಿರನ್ನೂ ತಗ್ಗಿಸುತ್ತದೆ. ಮೊದಲ ಕೆಲವು ದಿನ ವಾಕರಿಕೆ, ಮಂಪರು ಬರಬಹುದು, ಅದು ಇಳಿಯುತ್ತದೆ. ಇಳಿಯದೆ ಉಳಿಯುವುದು ಮಲಬದ್ಧತೆ. ಆದ್ದರಿಂದ ಮಾರ್ಫಿನ್ ಬರೆದ ಕೈ ಭೇದಿಯ ಮದ್ದನ್ನೂ ಜೊತೆಯಲ್ಲಿಯೇ ಬರೆಯಬೇಕು. ಒಂದು ಎಚ್ಚರಿಕೆ: ಡಾಕ್ಟರು ಬರೆದವರು ಮಾತ್ರ ನುಂಗತಕ್ಕದ್ದು. ಮಕ್ಕಳ ಕೈಗೆ ಸಿಗಕೂಡದು. ರೋಗಿ ತೀರಿದ ಮೇಲೆ ಮಿಕ್ಕ ಮಾತ್ರೆಯನ್ನು ಆಸ್ಪತ್ರೆಗೆ ಹಿಂದಿರುಗಿಸಬೇಕು.

ಇದೇನು ಚಿನ್ನದ ಬೆಲೆಯ ಮದ್ದೇ? ಅಲ್ಲ. ಮಾರ್ಫಿನ್ ಬಹಳ ಅಗ್ಗದ ಮದ್ದು. ಅದನ್ನು ತೆಗೆಯುವುದು ಅಫೀಮಿನಿಂದ. ಅಫೀಮು ಬೆಳೆಯುವುದು ನಮ್ಮ ದೇಶದಲ್ಲಿಯೇ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ, ರಾಜಸ್ಥಾನದಲ್ಲಿ, ಸರ್ಕಾರದ ಲೈಸೆನ್ಸಿನ ಮೇಲೆ ರೈತರು ಬೆಳೆಯುತ್ತಾರೆ. ನೀಮಚ್‌ನಲ್ಲಿಯೂ ಉತ್ತರಪ್ರದೇಶದ ಗಾಜಿಪುರದಲ್ಲಿಯೂ ಸರ್ಕಾರದ್ದೇ ಕಾರ್ಖಾನೆಗಳಿವೆ. ದಶಕಗಳ ಕಾಲ ಆ ಅಫೀಮಿನ ಬಹುಭಾಗ ಹೊರದೇಶಗಳ ಔಷಧ ಕಾರ್ಖಾನೆಗಳಿಗೆ ಹೋಯಿತು. ನಮ್ಮ ರೈತ ಬೆವರು ಸುರಿಸಿ ಬೆಳೆದ ಮದ್ದು ಪರದೇಶದವನ ನೋವನ್ನು ನೀಗಿಸಿತು; ನಮ್ಮ ಹಮಾಲಿ ಚಾಪೆಯ ಮೇಲೆ ಹೊರಳಾಡಿ ಸತ್ತ. ಇದಕ್ಕಿಂತ ದೊಡ್ಡ ಅನ್ಯಾಯದ ಲೆಕ್ಕ ಬೇಕೇ?

ಕಾರಣವೇನು? ೧೯೮೫ರಲ್ಲಿ ಮಾದಕ ವಸ್ತುಗಳ ಕಾಯಿದೆ ಬಂತು. ಕಳ್ಳ ವ್ಯಾಪಾರಗಾರರನ್ನು ಹಿಡಿಯುವುದಕ್ಕಾಗಿ ಮಾಡಿದ ಕಾಯಿದೆ ರೋಗಿಯ ಬಾಯಿಯ ಮಾತ್ರೆಯನ್ನು ಕಿತ್ತುಕೊಂಡಿತು. ಒಂದು ಆಸ್ಪತ್ರೆ ಮಾರ್ಫಿನ್ ಇಟ್ಟುಕೊಳ್ಳಬೇಕಾದರೆ ಹಲವು ಲೈಸೆನ್ಸು, ಹಲವು ಕಚೇರಿ. ಒಂದು ಲೈಸೆನ್ಸು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಔಷಧದ ಅಂಗಡಿಯವರು ತಲೆನೋವು ಬೇಡವೆಂದು ತರಿಸುವುದನ್ನೇ ಬಿಟ್ಟರು. ಡಾಕ್ಟರುಗಳು ಜೈಲಿಗೆ ಹೆದರಿದರು. ಕೇರಳದ ಡಾಕ್ಟರ್ ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ ೨೦೧೪ರಲ್ಲಿ ಪಾರ್ಲಿಮೆಂಟು ಆ ಕಾಯಿದೆಯನ್ನು ತಿದ್ದಿತು. ಈಗ ಮಾನ್ಯತೆ ಪಡೆದ ವೈದ್ಯಸಂಸ್ಥೆಗೆ ರಾಜ್ಯದ ಔಷಧ ನಿಯಂತ್ರಣಾಧಿಕಾರಿಯ ಒಂದು ಅನುಮತಿ ಸಾಕು. ತರಬೇತಿ ಪಡೆದ ಡಾಕ್ಟರೊಬ್ಬರು ಇರಬೇಕು, ರಿಜಿಸ್ಟರ್ ಇಡಬೇಕು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ಕಾಯಿದೆ ಬದಲಾಯಿತು, ಹೆದರಿಕೆ ಬದಲಾಗಲಿಲ್ಲ.

ದೂರದ ಬೆಂಗಳೂರು

ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. ೧೯೭೩ರಲ್ಲಿ ಆರಂಭವಾದ ಆ ಸಂಸ್ಥೆ ಬಡವರ ದೊಡ್ಡ ಆಸರೆ. ಅಲ್ಲಿ ನೋವು ನೀಗಿಸುವ ವಿಭಾಗವೂ ಇದೆ. ಮಾರತ್ತಹಳ್ಳಿಯ ಕಡೆ ೧೯೯೯ರಿಂದ ‘ಕರುಣಾಶ್ರಯ’ವಿದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಕಾಸೂ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಇವೆರಡನ್ನೂ ನೆನೆದು ಕೈಮುಗಿಯುತ್ತೇನೆ. ಆದರೆ ಪಾವಗಡದ ಹಳ್ಳಿಯವನ ಪಾಡನ್ನು ಯೋಚಿಸಿ. ಮೂರು ಕಡೆ ಆಂಧ್ರ, ತುಮಕೂರೇ ನೂರು ಕಿಲೋಮೀಟರಿನ ಆಸುಪಾಸು ದೂರ, ಬೆಂಗಳೂರು ಅದಕ್ಕಿಂತಲೂ ಆಚೆ. ಮಾತ್ರೆ ಮುಗಿಯಿತೆಂದು ಮಗ ಎರಡು ದಿನದ ಕೂಲಿ ಬಿಟ್ಟು ಓಡಬೇಕು. ಹೋಗಲು ಯಾರೂ ಇಲ್ಲದ ಮನೆಯಲ್ಲಿ ಮಾತ್ರೆ ಮುಗಿದ ದಿನವೇ ನೋವು ಬಂದು ಕುಳಿತುಕೊಳ್ಳುತ್ತದೆ. ಶಿರಾದವನಿಗೆ ಹೆದ್ದಾರಿ ಹತ್ತಿರ, ಕೊರಟಗೆರೆಯವನಿಗೆ ತುಮಕೂರು ಹತ್ತಿರ. ಹಾಸಿಗೆ ಹಿಡಿದವನಿಗೆ ಎಲ್ಲವೂ ದೂರವೇ.

ಇನ್ನೊಂದು ಮಾತನ್ನು ಬಿಚ್ಚಿ ಹೇಳುತ್ತೇನೆ. ಕೊನೆಯ ಹದಿನೈದು ದಿನದಲ್ಲಿ ಮನೆ ಹಾಳಾಗುತ್ತದೆ. ಉಸಿರು ಸ್ವಲ್ಪ ಏರುಪೇರಾದೊಡನೆ ವ್ಯಾನು ಮಾಡಿಕೊಂಡು ಓಡುತ್ತಾರೆ. ಒಂದು ಆಸ್ಪತ್ರೆಯಿಂದ ಇನ್ನೊಂದು, ಅಲ್ಲಿಂದ ಮತ್ತೊಂದು. ಬಡ್ಡಿಗೆ ಸಾಲ ತರುತ್ತಾರೆ. ಹೆಂಡತಿಯ ಓಲೆ ಅಡವಿಗೆ ಹೋಗುತ್ತದೆ. ಎರಡು ಎಕರೆ ಹೊಲ ಮಾರುತ್ತಾರೆ. ರೋಗಿ ಕೊನೆಗೆ ಉಸಿರು ಬಿಡುವುದು ದಾರಿಯಲ್ಲಿ, ಇಲ್ಲವೇ ಗಾಜಿನ ಬಾಗಿಲಿನ ಹಿಂದೆ ಮಕ್ಕಳ ಮುಖ ಕಾಣದೆ. “ನಾವೇನೂ ಮಾಡಲಿಲ್ಲ ಎಂದು ಜನ ಆಡಿಕೊಳ್ಳಬಾರದಲ್ಲ” ಎನ್ನುತ್ತಾರೆ. ಆ ಗಳಿಗೆಯಲ್ಲಿ ಮೂರು ತಲೆಮಾರಿನಿಂದ ಆ ಮನೆಯನ್ನು ಬಲ್ಲ ಡಾಕ್ಟರೊಬ್ಬರು ಬಂದು, “ಇನ್ನು ಓಡಾಟ ಬೇಡ. ಇಲ್ಲಿಯೇ ಇರಲಿ, ನಾನು ನೋಡಿಕೊಳ್ಳುತ್ತೇನೆ” ಎಂದು ಹೇಳಿದರೆ ಹೊಲ ಉಳಿಯುತ್ತದೆ, ಮನುಷ್ಯನ ಮಾನವೂ ಉಳಿಯುತ್ತದೆ. ಈ ಮಾತನ್ನು ಬೆಂಗಳೂರಿನ ತಜ್ಞ ಹೇಳಿದರೆ ಕೈಬಿಟ್ಟನೆಂದುಕೊಳ್ಳುತ್ತೀರಿ. ನಿಮ್ಮ ತಾಯಿಗೆ ಹೆರಿಗೆ ಮಾಡಿಸಿದವನು ಹೇಳಿದರೆ ನಂಬುತ್ತೀರಿ. ಮನೆಯ ಡಾಕ್ಟರಿನ ಬೆಲೆ ಇಲ್ಲಿದೆ.

ಡಾಕ್ಟರು ಏನು ಮಾಡಬೇಕು?

ಮೊದಲನೆಯದಾಗಿ, ಮನೆಗೆ ಹೋಗಬೇಕು. ಹಿಂದೆ ಚರ್ಮದ ಚೀಲ ಹಿಡಿದು ಸೈಕಲ್ಲಿನಲ್ಲಿ ಮನೆಮನೆಗೆ ಹೋಗುತ್ತಿದ್ದ ಡಾಕ್ಟರುಗಳಿದ್ದರು. ಆ ಪದ್ಧತಿ ಹೋಯಿತು. ಕನಿಷ್ಠ ಇಂಥ ರೋಗಿಗಾದರೂ ವಾರಕ್ಕೊಂದು ಸಲ ಹೋಗಬೇಕು.

ಎರಡನೆಯದು, ಸಣ್ಣ ಕೆಲಸಗಳನ್ನು ಮನೆಯವರಿಗೆ ಕಲಿಸಬೇಕು. ಹುಣ್ಣಿನ ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಹಾಕುವುದು ಅಗ್ಗದ ಉಪಾಯ. ನನ್ನ ಹಮಾಲಿಯ ಮಕ್ಕಳು ಅಪ್ಪನ ಪಕ್ಕದಲ್ಲಿ ಮಲಗಬಹುದಾಗಿತ್ತು, ನನಗದು ತಿಳಿದಿರಲಿಲ್ಲ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಇವಕ್ಕೆ ಯಾವ ಯಂತ್ರವೂ ಬೇಡ.

ಮೂರನೆಯದು, ಗ್ಲೂಕೋಸ್ ಬಾಟಲಿನ ಮೋಹವನ್ನು ಬಿಡಿಸಬೇಕು. ಕೊನೆಯ ದಿನಗಳಲ್ಲಿ ದೇಹ ಅನ್ನ ನೀರನ್ನು ತಾನೇ ಬಿಡುತ್ತದೆ. ಅನ್ನ ಬಿಟ್ಟದ್ದರಿಂದ ಸಾಯುವುದಲ್ಲ, ಸಾವು ಹತ್ತಿರ ಬಂದದ್ದರಿಂದ ಅನ್ನ ಬಿಡುವುದು. ಬಲವಂತವಾಗಿ ತುರುಕಿದರೆ ಗಂಟಲಿಗೆ ಸಿಕ್ಕುತ್ತದೆ. ಬಾಟಲಿನ ಮೇಲೆ ಬಾಟಲು ಏರಿಸಿದರೆ ನೀರು ಎದೆಯಲ್ಲಿ, ಕಾಲಿನಲ್ಲಿ ತುಂಬಿ ಉಸಿರಾಟಕ್ಕೆ ಇನ್ನೂ ಕಷ್ಟ. ಡಾಕ್ಟರು ಬಾಟಲು ಏರಿಸಿದರೆ ಹಣ ಬರುತ್ತದೆ, ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಿದರೆ ಬರುವುದಿಲ್ಲ. ನನ್ನ ವೃತ್ತಿಬಾಂಧವರು ಕೋಪಿಸಿಕೊಂಡರೂ ಚಿಂತೆಯಿಲ್ಲ, ಇದು ನಿಜ. ನೀವೂ ಕೂತು ಮಾತನಾಡಿದ ಡಾಕ್ಟರಿಗೆ ಫೀಸು ಕೊಡಲು ಕಲಿಯಬೇಕು. ಸೂಜಿ ಚುಚ್ಚಿದರೆ ಮಾತ್ರ ಡಾಕ್ಟರು ಎಂಬ ಭಾವನೆ ಹೋಗಬೇಕು.

ನಾಲ್ಕನೆಯದು, ನಿಜ ಹೇಳಬೇಕು. ಇದು ಅಂಗಡಿಕಾರ ಗೆಳೆಯರು ಕೇಳಬೇಕಾದ ಮಾತು. ಕೊರಟಗೆರೆಯ ಕಡೆಯ ಒಬ್ಬ ಕಿರಾಣಿ ವರ್ತಕರು, ಪಿತ್ತಕೋಶದ ಕ್ಯಾನ್ಸರ್. ಮಕ್ಕಳು ನನ್ನನ್ನು ಬಾಗಿಲ ಹೊರಗೇ ತಡೆದು, “ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ಎದೆ ಒಡೆದುಕೊಳ್ಳುತ್ತಾರೆ” ಎಂದರು. ನಾನೂ, “ಕಾಮಾಲೆ, ವಾಸಿಯಾಗುತ್ತದೆ” ಎಂದೆ. ಆತನ ಲೇವಾದೇವಿಯೆಲ್ಲ ಅರ್ಧ ಪುಸ್ತಕದಲ್ಲಿ, ಅರ್ಧ ತಲೆಯಲ್ಲಿ. ಯಾರಿಂದ ಬರಬೇಕು, ಯಾರಿಗೆ ಕೊಡಬೇಕು, ಒಂದು ಮಾತೂ ಹೇಳದೆ ಹೋದರು. ಕೊಡಬೇಕಾದವರು ಬಾಯಿ ಮುಚ್ಚಿಕೊಂಡರು, ಬರಬೇಕಾದವರು ಬಾಗಿಲಿಗೆ ಬಂದರು. ಅಣ್ಣತಮ್ಮಂದಿರು ಕೋರ್ಟಿಗೆ ಹೋದರು. ಸಾಯುವ ಹಿಂದಿನ ದಿನ ಆತ ನನ್ನ ಕೈಹಿಡಿದು, “ಡಾಕ್ಟ್ರೇ, ನನಗೆ ಗೊತ್ತಿದೆ. ಮಕ್ಕಳು ಹೆದರುತ್ತಾರೆಂದು ನಾನೇ ಸುಮ್ಮನಿದ್ದೇನೆ” ಎಂದರು. ಎರಡು ಕಡೆಯವರೂ ಒಬ್ಬರಿಂದೊಬ್ಬರು ಮುಚ್ಚಿಟ್ಟು, ಆಡಬೇಕಾದ ಮಾತು ಆಡದೆಯೇ ಉಳಿಯಿತು. ಎಲ್ಲವನ್ನೂ ಒಂದೇ ಏಟಿಗೆ ಹೇಳಬೇಕೆಂದಲ್ಲ. ರೋಗಿ ಕೇಳಿದಷ್ಟು, ತಾಳುವಷ್ಟು, ಮೆಲ್ಲಗೆ. ಆದರೆ ಕೇಳಿದವನಿಗೆ ಸುಳ್ಳು ಹೇಳಕೂಡದು.

ಐದನೆಯದು, ಕಾಗದಪತ್ರ. ತನಗೆ ಕೊನೆಯಲ್ಲಿ ಉಸಿರಾಟದ ಯಂತ್ರ ಮುಂತಾದವು ಬೇಡವೆಂದು ಮನುಷ್ಯ ಮುಂಚಿತವಾಗಿಯೇ ಬರೆದಿಡಬಹುದೆಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ತೀರ್ಪು ಕೊಟ್ಟಿತು. ೨೦೨೩ರಲ್ಲಿ ಕ್ರಮವನ್ನು ಸುಲಭಮಾಡಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಆ ಪತ್ರದ ಒಂದು ಪ್ರತಿ ಮನೆಯ ಡಾಕ್ಟರಿದ್ದರೆ ಅವರಿಗೆ ಮುಟ್ಟಬೇಕೆಂದು ಕೋರ್ಟು ಹೇಳಿದೆ. ದೇಶದ ಅತ್ಯುಚ್ಚ ನ್ಯಾಯಾಲಯಕ್ಕೆ ಮನೆಯ ಡಾಕ್ಟರಿನ ನೆನಪು ಬಂತು, ನಮಗೇ ಮರೆತಿದೆ. ಮನೆಯಲ್ಲಿ ಸಾವಾದರೆ ಕಾರಣ ಬರೆದುಕೊಡುವ ನಮೂನೆ ೪ಎ ಎಂಬುದಿದೆ. ಕೊನೆಯವರೆಗೆ ನೋಡಿದ ಡಾಕ್ಟರು ಅದನ್ನು ಅಲೆದಾಡಿಸದೆ ಬರೆದುಕೊಡಬೇಕು. ವಿಮೆ, ಬ್ಯಾಂಕು, ಪಿಂಚಣಿಗೆ ಹೋಗುವ ವಿಧವೆ ಒಂದು ಸಹಿಗಾಗಿ ಹತ್ತು ಸಲ ಮೆಟ್ಟಿಲು ಹತ್ತಬಾರದು.

ಗಿರಣಿಯ ಸೋದರರಿಗೆ ಒಂದು ಮಾತು. ಇ.ಎಸ್.ಐ. ಇರುವವರಿಗೆ ಸಾಮಾನ್ಯ ಕಾಯಿಲೆಯ ರಜೆಯ ಭತ್ಯೆ ವರ್ಷಕ್ಕೆ ೯೧ ದಿನ. ಕ್ಯಾನ್ಸರಿನಂಥ ದೀರ್ಘ ರೋಗಕ್ಕೆ, ನಿಯಮಕ್ಕೆ ಒಳಪಟ್ಟು, ಎರಡು ವರ್ಷದವರೆಗೆ ಸಂಬಳದ ನೂರಕ್ಕೆ ೮೦ರಂತೆ ವಿಸ್ತರಿಸಿದ ಭತ್ಯೆ ಉಂಟು. ಕೇಳಿ ಪಡೆಯಿರಿ, ಅದು ದಾನವಲ್ಲ, ನಿಮ್ಮ ಸಂಬಳದಿಂದ ಕತ್ತರಿಸಿದ ಹಣ. ಹತ್ತು ಜನರಿಲ್ಲದ ಗಿರಣಿಯ ಕೂಲಿಗಾಗಲಿ ಸಣ್ಣ ಅಂಗಡಿಯವನಿಗಾಗಲಿ ಅಷ್ಟೂ ಇಲ್ಲ. ಅವನು ಮಲಗಿದ ದಿನವೇ ಒಲೆ ಆರುತ್ತದೆ.

ಕೇರಳ ಮಾಡಿದೆ, ನಾವು ಮಾಡಲಾರೆವೇ?

೧೯೯೩ರಲ್ಲಿ ಕೋಳಿಕೋಡಿನಲ್ಲಿ ಕೆಲವೇ ಮಂದಿ ಡಾಕ್ಟರುಗಳೂ ಗೆಳೆಯರೂ ಸೇರಿ ಒಂದು ಸಣ್ಣ ಚಿಕಿತ್ಸಾಲಯ ಆರಂಭಿಸಿದರು. ಊರಿನ ಜನ ಅದನ್ನು ತಮ್ಮದಾಗಿಸಿಕೊಂಡರು. ವಿದ್ಯಾರ್ಥಿಗಳು, ಗೃಹಿಣಿಯರು, ಕೂಲಿಕಾರರು ವಾರಕ್ಕೆ ಒಂದೆರಡು ಗಂಟೆ ಬಿಡುವು ಮಾಡಿಕೊಂಡು ರೋಗಿಗಳ ಮನೆಗೆ ಹೋದರು. ಸಣ್ಣ ಸಣ್ಣ ಚಂದಾದಿಂದ ಅದು ನಡೆಯಿತು. ೨೦೦೮ರಲ್ಲಿ ಅಲ್ಲಿನ ಸರ್ಕಾರ ಇದನ್ನೇ ರಾಜ್ಯದ ನೀತಿಯಾಗಿ ಸ್ವೀಕರಿಸಿತು. ಪಂಚಾಯಿತಿಗಳು ದಾದಿಯರನ್ನು ಇಟ್ಟು ಮನೆಗೆ ಕಳಿಸಿದವು. ಕೇರಳದವರು ನಮಗಿಂತ ಶ್ರೀಮಂತರೆಂದು ಹೀಗಾಯಿತೇ? ಅಲ್ಲ. ನೋವು ಖಾಸಗಿ ವಿಷಯವಲ್ಲ, ಊರಿನ ವಿಷಯ ಎಂದು ಅವರು ತಿಳಿದರು.

ನಮ್ಮಲ್ಲಿಯೂ ಆ ಗುಣ ಇಲ್ಲದೆ ಇಲ್ಲ. ಪಾವಗಡದಲ್ಲಿ ರಾಮಕೃಷ್ಣ ಸೇವಾಶ್ರಮದವರು ಕುಷ್ಠರೋಗಿಗಳ, ಕ್ಷಯರೋಗಿಗಳ ಸೇವೆ ಮಾಡಿದ್ದನ್ನು ನೀವೆಲ್ಲ ಕಂಡಿದ್ದೀರಿ. ಊರು ದೂರವಿಟ್ಟಿದ್ದ ರೋಗಿಯನ್ನು ಹತ್ತಿರ ಕರೆದು ಕೂರಿಸಬಹುದೆಂದು ಅದು ತೋರಿಸಿತು. ಬರದ ಸೀಮೆಯಲ್ಲಿ ಅದು ಆಗುವುದಾದರೆ ಇದೂ ಆಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ನುಂಗುವ ಮಾರ್ಫಿನ್ ವರ್ಷವಿಡೀ ಸಿಗಬೇಕು. ನಿಮ್ಮ ಆಸ್ಪತ್ರೆಯಲ್ಲಿ ಉಂಟೋ ಇಲ್ಲವೋ ನಾಳೆ ಬೆಳಿಗ್ಗೆ ಹೋಗಿ ಕೇಳಿ. ಇಲ್ಲವೆಂದರೆ ಏತಕ್ಕಿಲ್ಲವೆಂದು ಬರೆದುಕೊಡಲು ಹೇಳಿ. ಪ್ರತಿ ತಾಲ್ಲೂಕಿಗೆ ತರಬೇತಿ ಪಡೆದ ಒಬ್ಬ ಡಾಕ್ಟರು, ಒಬ್ಬ ದಾದಿ, ಮನೆಗೆ ಹೋಗಲು ಒಂದು ವಾಹನ ಬೇಕು. ಸರ್ಕಾರದ ಆರೋಗ್ಯ ಕಾರ್ಡು ಆಸ್ಪತ್ರೆಯ ಮಂಚಕ್ಕೆ ಮಾತ್ರವಲ್ಲ, ಮನೆಯ ಚಾಪೆಗೂ ಅನ್ವಯಿಸಬೇಕು. ನನ್ನಂಥ ಖಾಸಗಿ ಡಾಕ್ಟರುಗಳು ಈ ವಿದ್ಯೆಯನ್ನು ಕಲಿಯಬೇಕು. ತಿರುವನಂತಪುರದ ಪ್ಯಾಲಿಯಂ ಇಂಡಿಯಾ ಮುಂತಾದವರು ಕಲಿಸುತ್ತಾರೆ. ಬೆಂಗಳೂರಿನ ಆಸ್ಪತ್ರೆಗಳು ರೋಗಿಯನ್ನು ಕಳಿಸುವಾಗ ಮನೆಯ ಡಾಕ್ಟರಿಗೆ ಒಂದು ಕಾಗದ ಬರೆಯಬೇಕು: ರೋಗ ಎಲ್ಲಿಗೆ ಬಂದಿದೆ, ಯಾವ ಮದ್ದು, ಎಷ್ಟು, ಮುಂದೆ ಏನಾಗಬಹುದು ಎಂದು. ಕಾಗದವಿಲ್ಲದೆ ಬಂದ ರೋಗಿಯ ಮುಂದೆ ನಾನು ಕಣ್ಣು ಕಟ್ಟಿದವನು.

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರುವುದೂ ತಪ್ಪು. ನಿಮ್ಮ ಸಂಘದಲ್ಲಿ ಐದು ಮಂದಿ ಮುಂದೆ ಬನ್ನಿ. ರಾತ್ರಿ ಎರಡು ಗಂಟೆ ರೋಗಿಯ ಪಕ್ಕ ಕುಳಿತರೆ ಅವನ ಹೆಂಡತಿ ಅಷ್ಟು ಹೊತ್ತು ಕಣ್ಣು ಮುಚ್ಚುತ್ತಾಳೆ. ಬೆಂಗಳೂರಿಗೆ ಸರಕು ತರಲು ಹೋಗುವ ವರ್ತಕರು ಇನ್ನೊಬ್ಬನ ಚೀಟಿಯನ್ನು ಹಿಡಿದು, ಆಸ್ಪತ್ರೆಯವರು ಒಪ್ಪಿದರೆ, ಅವನ ಮದ್ದನ್ನೂ ತನ್ನಿ. ನಾನು ವಾರದಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕೆಂದೇ ಇಡುತ್ತೇನೆ. ಕರೆದ ಮನೆಗೆ ಬರುತ್ತೇನೆ, ಬಾಟಲು ಏರಿಸುವುದಿಲ್ಲ, ಕೂತು ಹೋಗುತ್ತೇನೆ.

ಹುಟ್ಟುವಾಗ ಸೂಲಗಿತ್ತಿಯಾದರೂ ಹತ್ತಿರವಿರುತ್ತಾಳೆ. ಹೋಗುವಾಗಲೂ ಒಬ್ಬರು ಹತ್ತಿರವಿರಬೇಕು. ದುಡಿದು ದಣಿದ ಮನುಷ್ಯ ನೋವಿಲ್ಲದೆ, ತನ್ನ ಮನೆಯಲ್ಲಿ, ತನ್ನವರ ನಡುವೆ ಕಣ್ಣು ಮುಚ್ಚುವುದು ಉಳ್ಳವರ ಭಾಗ್ಯವಾಗಿ ಉಳಿಯಬಾರದು. ಅದು ಹಕ್ಕು.